ಜೋಡಿಯಾಗದ ಕಾಳು

ನಾನು ಏನನ್ನೇ ಎಣಿಸಲಿ, ಕೊನೆಗೆ ಒಂದು ಉಳಿಯುತ್ತಿತ್ತು. ಹದಿಮೂರು ವರ್ಷ ಹೀಗೇ ನಡೆಯಿತು. ಸೋಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಎದುರಿನವರನ್ನು ಇಬ್ಬಿಬ್ಬರಾಗಿ ಎಣಿಸಿದರೆ ಯಾರೋ ಒಬ್ಬರು ಒಂಟಿಯಾಗಿ ಉಳಿಯುತ್ತಿದ್ದರು. ಮೆಟ್ಟಿಲು ಎಣಿಸಿದರೆ ಒಂದು ಮೆಟ್ಟಿಲು, ಕ್ಯಾಂಟೀನಿನ ಕಪ್ಪು ಎಣಿಸಿದರೆ ಒಂದು ಕಪ್ಪು. ಆ ಹೊತ್ತಿಗೆ ಸರಿಯಾಗಿ ಮೂಗಿಗೆ ತೊಯ್ದ ಕಂಬಳಿಯ ವಾಸನೆ ಬರುತ್ತಿತ್ತು, ಮೇ ತಿಂಗಳ ಮಧ್ಯಾಹ್ನದಲ್ಲೂ. ಹಾಗಾದರೆ ಎಣಿಸುವುದನ್ನು ಬಿಟ್ಟುಬಿಡಬಾರದೇ ಎಂದು ನೀವು ಕೇಳಬಹುದು. ಹಾಗೆ ಕೇಳಿದವರ ಮೇಲೆಲ್ಲ ನಾನು ಸಿಡುಕಿದ್ದೇನೆ. ಎಣಿಸುವುದೇ ನನ್ನ ಕಸುಬು.

ನಮ್ಮೂರು ಬೋರಾಮಣಿ. ಕುರಿ ಸಾಕುವ ಮನೆತನ. ದೀಪಾವಳಿ ಮುಗಿದ ಮೇಲೆ ನಮ್ಮ ಹಟ್ಟಿಯ ಕುರಿಗಳೆಲ್ಲ ಒಂದೇ ಹಿಂಡಾಗಿ ಹೊರಡುತ್ತವೆ. ಪರವೂರಿನ ಹೊಲಗಳಲ್ಲಿ ಹಿಂಡು ತರುಬಿ ಗೊಬ್ಬರ ಕೊಡುವುದು, ಅಲ್ಲೇ ಮೇಯಿಸುವುದು. ಯಾವ ದಿಕ್ಕಿಗೆ ಹೋಗಬೇಕೆಂದು ಮೊದಲು ಬೀರಪ್ಪನನ್ನು ಕೇಳಬೇಕು. ಕೇಳುವ ರೀತಿ ಹೀಗೆ. ಪೂಜಾರಿ ಹಣಮಂತಪ್ಪ ಗುಡಿಯ ಕಟ್ಟೆಯ ಮೇಲೆ ಒಂದು ಕರಿ ಕಂಬಳಿ ಹಾಸಿ, ಅದರ ಮೇಲೆ ಇನ್ನೊಂದನ್ನು ಹೊದಿಸುತ್ತಿದ್ದ. ಹಟ್ಟಿಯ ಎಲ್ಲರೂ, ಹೆಂಗಸರು ಮಕ್ಕಳು ಸಹಿತ, ಬುಟ್ಟಿಯಿಂದ ಒಂದೊಂದು ಚಿಟಿಕೆ ಜೋಳ ತೆಗೆದುಕೊಂಡು, ನೋಡದೆ, ಎಣಿಸದೆ, ಕಂಬಳಿಯ ಒಳಗೆ ಕೈ ಹಾಕಿ ಬಿಡಬೇಕು. ಆಮೇಲೆ ಹಣಮಂತಪ್ಪ ಒಳಗೆ ಕೈ ಹಾಕಿ ಎರಡೆರಡು ಕಾಳು ಹೊರಗೆ ತೆಗೆದಿಡುತ್ತಾನೆ. ಎಲ್ಲ ಜೋಡಿಯಾದರೆ ದೇವರು ಹೂಂ ಅಂದ ಹಾಗೆ. ಒಂದು ಉಳಿದರೆ ಆ ದಿಕ್ಕು ಬೇಡ. ನಾನು ಸಣ್ಣವಳಿದ್ದಾಗ ಕಂಡಂತೆ ಬೀರಪ್ಪ ಪ್ರತಿ ವರ್ಷವೂ ಹೂಂ ಅಂದವನೇ. ಒಳ್ಳೆಯ ದೇವರು ಅಂದುಕೊಂಡಿದ್ದೆ.

ಆ ವರ್ಷ ನನಗೆ ಹನ್ನೊಂದು, ಅಣ್ಣ ಅಮೋಲ್‌ಗೆ ಹತ್ತೊಂಬತ್ತು. ಅವನ ಹತ್ತಿರ ಒಂದು ಸೈಕಲ್ ಇತ್ತು. ಅವನು ಹಿಂಡಿನ ಜೊತೆ ನಂದೇಶ್ವರಕ್ಕೆ ಹೋದರೆ ಸೈಕಲ್ ನಾಲ್ಕು ತಿಂಗಳು ನನ್ನದು. ಹಿಂಡು ಹತ್ತಿರದ ಮಂದ್ರೂಪಕ್ಕೆ ಹೋದರೆ ಅವನು ಎರಡು ದಿನಕ್ಕೊಮ್ಮೆ ಮನೆಗೆ ಬಂದು ಸೈಕಲ್ ಒಯ್ಯುತ್ತಿದ್ದ. ಆ ದಿನ ಕೇಳುತ್ತಿದ್ದದ್ದು ನಂದೇಶ್ವರದ ದಿಕ್ಕನ್ನು. ಸಾಲಿನಲ್ಲಿ ನಿಂತಾಗ ನಾನು ಮುಷ್ಟಿ ಸ್ವಲ್ಪ ಬಿಚ್ಚಿ ನೋಡಿದೆ. ಏಳು ಕಾಳು ಇದ್ದವು. ಜೋಡಿ ಅಂದರೆ ಹೂಂ. ಹಾಗಾಗಿ ನಾನು ಜೋಡಿ ಕೊಡಬೇಕು ಅನಿಸಿತು. ಒಂದು ಕಾಳನ್ನು ಮೆಲ್ಲಗೆ ಕೆಳಗೆ ಉದುರಿಸಿ ಕಾಲಿನಿಂದ ಮಣ್ಣಿಗೆ ಒತ್ತಿದೆ. ಆರು ಕಾಳು ಕಂಬಳಿಯೊಳಗೆ ಬಿಟ್ಟೆ. ಬೀರಪ್ಪ ಹೂಂ ಅಂದ.

ಎಂಟನೆಯ ದಿನ ಮಧ್ಯಾಹ್ನ ನಂದೇಶ್ವರದ ಬಯಲಿನಲ್ಲಿ ಅಕಾಲದ ಮಳೆ ಬಂತು. ಅಮೋಲ್ ಕಂಬಳಿ ಹೊದ್ದು ಜಾಲಿ ಮರದ ಕೆಳಗೆ ನಿಂತಿದ್ದನಂತೆ. ಸಿಡಿಲು ಬಡಿಯಿತು. ಎರಡು ಕುರಿ, ಒಬ್ಬ ಮನುಷ್ಯ. ಮನೆಗೆ ತಂದಾಗ ಕಂಬಳಿ ಇನ್ನೂ ತೊಯ್ದೇ ಇತ್ತು. ಸೈಕಲ್ಲನ್ನು ನಾನು ಮುಟ್ಟಲಿಲ್ಲ. ಅದು ಗೋಡೆಗೆ ಒರಗಿದಲ್ಲೇ ತುಕ್ಕು ಹಿಡಿಯಿತು.

ಎರಡು ಎರಡಾಗಿ ಎಣಿಸುವಾಗ ಯಾರ ಕೈಯ ಒಂದೇ ಒಂದು ಕಾಳು ಬದಲಾದರೂ ಇಡೀ ಉತ್ತರ ಮಗುಚುತ್ತದೆ ಎಂದು ನನಗೆ ತಿಳಿದದ್ದು ಹದಿಮೂರನೆಯ ವಯಸ್ಸಿಗೆ, ಶಾಲೆಯಲ್ಲಿ. ನಾನು ಏಳನ್ನೂ ಬಿಟ್ಟಿದ್ದರೆ ಒಂದು ಉಳಿಯುತ್ತಿತ್ತು. ಹಿಂಡು ಮಂದ್ರೂಪಕ್ಕೆ ಹೋಗುತ್ತಿತ್ತು. ಇದರಲ್ಲಿ ಬಹುಶಃ, ಇರಬಹುದು ಎಂಬ ಮಾತೇ ಇಲ್ಲ. ಆ ದಿನ ಬೆಂಚಿನ ಮೇಲೆಯೇ ವಾಂತಿ ಮಾಡಿಕೊಂಡೆ. ಎಣಿಕೆಯಲ್ಲಿ ಒಂದು ಉಳಿಯತೊಡಗಿದ್ದೂ ಅಂದಿನಿಂದಲೇ. ಉಳಿಯುವವನು ಯಾರೆಂದು ನನಗೆ ಗೊತ್ತಿತ್ತು.

ಈಗ ಸೋಲಾಪುರದಲ್ಲಿ ಯೋಗಿರಾಜ ಸರ್ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೇನೆ. ಅವರು ಚಾದರದ ವ್ಯಾಪಾರಸ್ಥರ ಮನೆಯವರು. ಅಂಗಡಿ ತಮ್ಮನಿಗೆ ಬಿಟ್ಟು ಗಣಿತಕ್ಕೆ ಬಂದವರು. ನನ್ನ ವಿಷಯವನ್ನು ಹೀಗೆ ಹೇಳಬಹುದು. ಒಂದು ಗೋಡೆಯ ಮೇಲೆ ಅನೇಕ ಸ್ವಿಚ್ಚುಗಳಿವೆ, ಒಂದೇ ದೀಪವಿದೆ. ಯಾವ ಸ್ವಿಚ್ಚು ಮೇಲೆ, ಯಾವುದು ಕೆಳಗೆ ಎಂಬುದನ್ನು ನೋಡಿ ಒಂದು ನಿಯಮ ದೀಪವನ್ನು ಹೊತ್ತಿಸುತ್ತದೆ ಅಥವಾ ಆರಿಸುತ್ತದೆ. ಈ ನಿಯಮಕ್ಕೆ ಬೂಲಿಯನ್ ಫಂಕ್ಷನ್ ಎನ್ನುತ್ತಾರೆ. ಕೆಲವು ಸ್ವಿಚ್ಚು ತಪ್ಪಿ ಅದಲುಬದಲಾದರೂ ಹೊತ್ತಿದ ದೀಪ ಹೊತ್ತಿಯೇ ಇದ್ದರೆ ಅದು ಗಟ್ಟಿ. ಎಷ್ಟು ತಪ್ಪು ತಡೆಯುತ್ತದೆಯೋ ಅಷ್ಟು ಗಟ್ಟಿ. ಬಹುಮತದ ನಿಯಮದಲ್ಲಿ ಒಂದು ಕಡೆ ಇಪ್ಪತ್ತು, ಇನ್ನೊಂದು ಕಡೆ ಐದು ಮತ ಬಿದ್ದಿದ್ದರೆ ಒಬ್ಬ ಮನಸ್ಸು ಬದಲಿಸಿದರೂ ಏನೂ ಆಗದು. ಜೋಡಿಯ ನಿಯಮಕ್ಕೆ ಗಟ್ಟಿತನವೇ ಇಲ್ಲ. ಅಲ್ಲಿ ಪ್ರತಿಯೊಂದು ಕೈಯೂ ಉತ್ತರವನ್ನು ಮಗುಚುವ ಕೈ.

ಜೋಡಿಯ ನಿಯಮವನ್ನು ಅಳೆಯುವುದು ಸುಲಭ. ಗಂಟುಗಂಟಾದ ನಿಯಮ ಕೊಟ್ಟು, ಇದು ಇಷ್ಟು ತಪ್ಪು ತಡೆಯುತ್ತದೆಯೇ ಎಂದು ಕೇಳಿದರೆ ಕೆಲಸ ಕೆಡುತ್ತದೆ. ಇಪ್ಪತ್ತೇಳು ಸ್ವಿಚ್ಚಿಗೆ ಹದಿಮೂರು ಕೋಟಿ ನಲವತ್ತೆರಡು ಲಕ್ಷ ಜೋಡಣೆಗಳು. ಯಂತ್ರಕ್ಕೆ ಅದೊಂದು ಗುಟುಕು. ಆದರೆ ಒಂದೊಂದು ಸ್ವಿಚ್ಚು ಸೇರಿದಾಗಲೂ ಅದು ಇಮ್ಮಡಿ. ನೂರು ಸ್ವಿಚ್ಚು ಆದರೆ ಯಂತ್ರವೂ ಮುದಿಯಾಗಿ ಸಾಯುತ್ತದೆ, ಉತ್ತರ ಬರುವುದಿಲ್ಲ. ಈ ಕಷ್ಟವನ್ನು ಅಳೆಯುವುದೇ ನನ್ನ ಕೆಲಸ.

ಯೋಗಿರಾಜ ಸರ್ ಇದನ್ನು ಮೊದಲ ದಿನವೇ ಅಂಗಡಿಯ ಭಾಷೆಯಲ್ಲಿ ಹೇಳಿದ್ದರು. "ಬಘ್, ನೋಡ ಮನೀಷಾ, ಚಾದರಿನಾಗ ತೂತ ಐತಿ ಅಂತ ತೋರ್ಸಾಕ ಒಂದ ಬೆರಳ ಸಾಕ. ತೂತ ಇಲ್ಲ ಅಂತ ತೋರ್ಸಾಕ ಇಡೀ ಚಾದರ ಬೆಳಕಿಗಿ ಹಿಡೀಬೇಕ. ಐತಿ ಅನ್ನೂದಕ್ಕ ಸಾಕ್ಷಿ ಸಿಗತೈತಿ. ಇಲ್ಲ ಅನ್ನೂದಕ್ಕ ಸಾಕ್ಷಿ ಸಿಗೂದು ಭಾಳ ತ್ರಾಸ."

ಅವರಿಗೆ ನನ್ನ ಕಾಳಿನ ವಿಷಯ ಗೊತ್ತಿಲ್ಲ. ಹುಡುಗಿಗೆ ಗಣಿತದಲ್ಲಿ ಎಂಥ ಆಸ್ಥೆ ಎಂದು ಎಲ್ಲರೆದುರು ಹೊಗಳುತ್ತಾರೆ. ನಾನು ಆಸ್ಥೆಯಿಂದ ಬಂದವಳಲ್ಲ. ನಾನು ಕಾಳು ಉದುರಿಸಿದ ಹಾಗೆಯೇ ಇನ್ನೊಬ್ಬರೂ ಒಂದು ಉದುರಿಸಿದ್ದರೆ ನನ್ನ ತಪ್ಪು ಹುಟ್ಟಿಯೇ ಇಲ್ಲ. ಎರಡು ಸಲ ಮಗುಚಿದ್ದು ಮೊದಲಿನ ಹಾಗೆಯೇ ಇರುತ್ತದೆ. ಆ ಇನ್ನೊಂದು ಕೈಯನ್ನು ಹುಡುಕುತ್ತಾ ನಾನು ಇಷ್ಟು ದೂರ ಬಂದಿದ್ದೆ. ಬಾಯಿಬಿಟ್ಟು ಯಾರನ್ನೂ ಕೇಳುವ ಧೈರ್ಯವಿಲ್ಲದೆ.

ಈ ಕಾರ್ತಿಕದಲ್ಲಿ ಅವ್ವ ಫೋನ್ ಮಾಡಿದಳು. ಅಮೋಲ್‌ನ ಟಾಕು ಮಾಡಿಸಬೇಕಂತೆ. ಮದುವೆಯಾಗದೆ ಹೋದವರ ರೂಪವನ್ನು ಅಂಗೈಯಗಲದ ಬೆಳ್ಳಿಯ ತಗಡಿನಲ್ಲಿ ಮೂಡಿಸಿ ಮನೆಯ ಜಗಲಿಯಲ್ಲಿ ದೇವರ ಜೊತೆ ಕೂರಿಸುತ್ತೇವೆ, ಅದೇ ಟಾಕು. ಕೂರಿಸದಿದ್ದರೆ ಹೋದವರು ಅಲೆಯುತ್ತಾರೆ ಎಂದು ನಂಬಿಕೆ. ಇಷ್ಟು ವರ್ಷ ಅವ್ವನೇ ಬೇಡ ಎಂದು ತಡೆದಿದ್ದಳು.

"ಬೀರಪ್ಪನ್ನ ಕೇಳೂದೈತಿ. ಐತವಾರ ಮುಂಜಾನಿ. ನೀನೂ ಬಂದು ಒಂದ ಚಿಟಿಕಿ ಹಾಕು" ಅಂದಳು.

"ನಾ ಆ ಕಂಬಳಿವಳಗ ಕೈ ಹಾಕಂಗಿಲ್ಲ."

"ಯಾಕವಾ?"

ಹೇಳಿಬಿಟ್ಟೆ. ಸೈಕಲ್, ಏಳು ಕಾಳು, ಕಾಲಿನ ಕೆಳಗೆ ಒತ್ತಿದ್ದು, ಎಲ್ಲ. ಆ ಕಡೆ ಎಲ್ಲೋ ಒಂದು ಮರಿ ಅರಚುವುದು ಕೇಳುತ್ತಿತ್ತು. ಆಮೇಲೆ ಅವ್ವನ ದನಿ ಬಂತು.

"ನಾನೂ ಒಂದ ಉದುರ್ಸಿದ್ದೆ, ಮನೀಷಾ. ಅಂವಾ ಅಷ್ಟ ದೂರ ಹೋಗೂದು ನನಗ ಮನಸಿರ್ಲಿಲ್ಲ. ನೀ ಒಬ್ಬಾಕಿನ ಅಲ್ಲ."

ಫೋನ್ ಇಟ್ಟು ಕ್ಯಾಂಟೀನಿಗೆ ಹೋದೆ. ಮೇಜಿನ ಮೇಲಿನ ಕಪ್ಪು ಎಣಿಸಿದೆ. ಎಂಟು. ಎರಡೆರಡಾಗಿ ಎಣಿಸಿದೆ, ಏನೂ ಉಳಿಯಲಿಲ್ಲ. ಅಲ್ಲೇ ನಿಂತು ಅತ್ತೆ. ಕ್ಯಾಂಟೀನಿನವನು ಕಪ್ಪು ಒಡೆದೆನೆಂದು ಅಳುತ್ತಿದ್ದೇನೆ ಅಂದುಕೊಂಡು, ಇರಲಿ ಬಿಡಿ ತಾಯಿ ಅಂದ. ಆ ಐದು ದಿನ ಮೆಟ್ಟಿಲು ಸರಿಯಾಗಿದ್ದವು, ಜನ ಸರಿಯಾಗಿದ್ದರು. ಕಂಬಳಿಯ ವಾಸನೆ ಬರಲಿಲ್ಲ.

ಆರನೆಯ ದಿನ ಅಪ್ಪ ಬಂದ. ನನ್ನಪ್ಪ ಮಲ್ಲಯ್ಯ ಸುಮ್ಮನೆ ಸೋಲಾಪುರಕ್ಕೆ ಬರುವವನಲ್ಲ. ಊರಿನ ಗದ್ದಲಕ್ಕೆ ಅವನಿಗೆ ತಲೆ ನೋಯುತ್ತದೆ. ವಿಭಾಗದ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂತಿದ್ದ. ನನಗಾಗಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ತಂದಿದ್ದ. ಬಹಳ ಹೊತ್ತು ರುಮಾಲನ್ನು ಬಿಚ್ಚಿ ಸುತ್ತಿ ಮಾಡಿದ ಮೇಲೆ ಅಂದ:

"ನಿಮ್ಮವ್ವ ಎಲ್ಲಾ ಹೇಳ್ಯಾಳ. ನೀವಿಬ್ರ ಅಲ್ಲವಾ, ನಾನೂ ಒಂದ ಉದುರ್ಸಿದ್ದೆ. ಮೂವರ ಹೆಗಲಿಗಿ ಬಂತಂದ್ರ ಹಗರ ಆಕ್ಕೈತಿ."

ಅವನು ನನ್ನ ತಲೆ ಸವರಿದ. ನಾನು ಅವನ ಕೈಯನ್ನು ತಳ್ಳಿಬಿಟ್ಟೆ. ಮೂರು ಅಂದರೆ ಮತ್ತೆ ಒಂದೇ ಎಂದು ಅವನಿಗೆ ಹೇಗೆ ಹೇಳಲಿ. ಹೊರೆಯನ್ನು ಮೂವರು ಹೊತ್ತರೆ ಹಗುರವಾಗುತ್ತದೆ, ಅದು ಕುರಿಗಾರನ ಲೆಕ್ಕ. ಜೋಡಿಯ ಲೆಕ್ಕದಲ್ಲಿ ಹಗುರ ಎಂಬುದಿಲ್ಲ. ಅವ್ವ ತೆಗೆದದ್ದನ್ನು ಅಪ್ಪ ತಂದು ಮತ್ತೆ ನನ್ನ ಮೇಲಿಟ್ಟ. ಅಪ್ಪ ಬೋರಾಮಣಿಯ ಬಸ್ಸು ಹತ್ತುವಾಗ ಪ್ರಯಾಣಿಕರನ್ನು ಎಣಿಸಿದೆ. ಒಬ್ಬ ಉಳಿದ. ಉರಿಬಿಸಿಲಿನಲ್ಲಿ ತೊಯ್ದ ಉಣ್ಣೆಯ ವಾಸನೆ ಬಂತು. ಬೆನ್ನ ಹಿಂದೆಯೇ ಯಾರೋ ನಿಂತ ಹಾಗೆ ಅಷ್ಟು ಹತ್ತಿರದಿಂದ ಬಂತು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಯಾರೂ ಇರುವುದಿಲ್ಲ ಎಂಬುದು ನನಗೆ ಗೊತ್ತು, ಅದೇ ನನಗೆ ಹೆದರಿಕೆ.

ಇನ್ನು ಕೇಳಬಹುದಾದವನು ಒಬ್ಬನೇ ಇದ್ದ, ಕಾಳು ಎಣಿಸಿದ ಹಣಮಂತಪ್ಪ. ಅಮೋಲ್ ಹೋದ ವರ್ಷವೇ ಅವನು ಪೂಜಾರಿಕೆಯನ್ನು ಅಣ್ಣನ ಮಗ ನಿಲೇಶನಿಗೆ ಒಪ್ಪಿಸಿ ಅಕ್ಕಲಕೋಟೆಯಲ್ಲಿ ಮಗಳ ಮನೆ ಸೇರಿದ್ದ. ನಿಲೇಶ ಬಂದ ಮೇಲೆ ಬೀರಪ್ಪ ಎರಡು ವರ್ಷಕ್ಕೊಮ್ಮೆ ಬೇಡ ಅನ್ನತೊಡಗಿದ. ಹಣಮಂತಪ್ಪ ಹೋದದ್ದಕ್ಕೆ ದೇವರಿಗೆ ಸಿಟ್ಟು ಬಂದಿದೆ ಎಂದು ಹಟ್ಟಿಯವರು ಮಾತಾಡಿಕೊಂಡರು. ನಾನೂ ಹೌದೆಂದು ತಲೆಯಾಡಿಸಿದ್ದೆ. ಒಂದು ನಿಯಮ ಎಂದಾದರೂ ಬೇಡ ಅನ್ನುತ್ತದೆಯೋ ಇಲ್ಲವೋ ಎಂದು ಹಗಲಿಡೀ ಪರೀಕ್ಷಿಸುವ ನನ್ನ ತಲೆಗೆ, ಅದಕ್ಕೆ ಮೊದಲು ಒಮ್ಮೆಯೂ ಬೇಡ ಬರದಿದ್ದದ್ದೇ ವಿಚಿತ್ರ ಎಂದು ಹೊಳೆಯಲಿಲ್ಲ. ಓದಿದವರ ಹಣೆಬರಹ.

ಶನಿವಾರ ಬೆಳಿಗ್ಗೆ ಅಕ್ಕಲಕೋಟೆಗೆ ಹೋದೆ. ಹಣಮಂತಪ್ಪ ಅನ್ನಛತ್ರದಲ್ಲಿ ಊಟ ಮುಗಿಸಿ ಬಂದು ಮಗಳ ಮನೆಯ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದ. ಕಣ್ಣು ಮಂಜಾಗಿದ್ದವು. ಮಲ್ಲಯ್ಯನ ಮಗಳು ಅಂದಾಗ ಅವನ ಕೈ ಕೋಲಿನ ಮೇಲೆ ಬಿಗಿಯಾಯಿತು.

"ಅಜ್ಜಾ, ಅಮೋಲ್ ಹೋದ ವರ್ಷ ಕಂಬಳಿವಳಗ ಎಷ್ಟ ಮಂದಿ ಕೈ ಹಾಕಿದ್ರಿ?"

"ಹಟ್ಟಿ ಮಂದಿ ಇಪ್ಪತ್ತೇಳು. ಕೈ ಹಾಕಿದ್ದು ಇಪ್ಪತ್ತೈದು" ಅಂದ, ನಿನ್ನೆಯ ಮಾತು ಹೇಳಿದಂತೆ. "ನಿಮ್ಮವ್ವ ಹೊರಗಾಗಿದ್ಲು, ಮುಟ್ಟಂಗಿರ್ಲಿಲ್ಲ. ದೂರ ಕುಂತಿದ್ಲು. ನಿಮ್ಮಪ್ಪ ಮೊದಲ ನಂದೇಶ್ವರಕ ಹೋಗಿ ಹೊಲ ಮಾತಾಡಾಕತ್ತಿದ್ದ."

ನಾನು ಅವನ ಪಕ್ಕ ಕಟ್ಟೆಯ ಮೇಲೆ ಕೂತೆ. ನನ್ನ ಮುಷ್ಟಿಯೊಂದನ್ನು ಬಿಟ್ಟರೆ ಆ ದಿನದ ಯಾವುದೂ ನನಗೆ ನೆನಪಿರಲಿಲ್ಲ. ಅವ್ವ ಕಾಳು ಹಾಕಿಯೇ ಇಲ್ಲ, ಅಪ್ಪ ಊರಿನಲ್ಲೇ ಇರಲಿಲ್ಲ. ಇಬ್ಬರೂ ನನಗಾಗಿ ಸುಳ್ಳು ಹೇಳಿದ್ದರು. ಅಪ್ಪನ ಕೈ ತಳ್ಳಿದ್ದು ನೆನಪಾಯಿತು. ಜೊತೆಗೆ, ಹಾಗಾದರೆ ಆ ತಪ್ಪಿನಲ್ಲಿ ನಾನು ಮತ್ತೆ ಒಬ್ಬಳೇ.

ಹಣಮಂತಪ್ಪ ನನ್ನ ಕಡೆ ಮುಖ ತಿರುಗಿಸಿದ. "ನೀ ಸಾಲಿ ಭಾಳ ಕಲಿತೀದಿ ಅಂತಾರ. ಒಂದ ಮಾತ ಕೇಳ್ತೀನಿ, ಖರೇ ಹೇಳ್ಬೇಕ. ಆ ವರ್ಷ ಕಡೀಕ ಒಂದ ಕಾಳ ಉಳಿದಿತ್ತು."

ನನಗೆ ಅರ್ಥವಾಗಲಿಲ್ಲ. "ಉಳಿದಿತ್ತಂದ್ರ?"

"ಬೀರಪ್ಪ ಬ್ಯಾಡ ಅಂದಿದ್ದ. ಕಂಬಳಿವಳಗ ಕೈಗಿ ಒಂದ ಹತ್ತಿತು. ನಾ ಅದನ್ನ ಮುಷ್ಟಿವಳಗ ಮುಚಗೊಂಡ ನಡುವಿನ ಚೀಲದಾಗ ಹಾಕ್ಕೊಂಡೆ. ಪ್ರತಿ ವರ್ಷ ಉಳಿದಾಗೆಲ್ಲಾ ಹಂಗ ಮಾಡೀನಿ. ಮಂದಿ ಗಂಟ ಕಟ್ಟಿ ನಿಂತಿರ್ತಾರ, ಕುರಿ ಹಸದಿರ್ತಾವ. ಮೇವು ಎಲ್ಲೈತಿ ಅನ್ನೂದು ದೇವರಕಿಂತ ನನಗ ಗೊತ್ತಿತ್ತು ಅಂತ ಸೊಕ್ಕು. ಬ್ಯಾರೆ ವರ್ಷದ್ದು ಗುಬ್ಬಿಗಿ ಹಾಕ್ತಿದ್ದೆ. ಆ ವರ್ಷದ್ದು ಇನ್ನ ಚೀಲದಾಗ ಇತ್ತು, ಸುದ್ದಿ ಬಂತು."

ಅವನು ನಡುವಿನ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಒಳಗೆ ಕಂದುಬಣ್ಣಕ್ಕೆ ತಿರುಗಿದ ಒಂದು ಜೋಳದ ಕಾಳು. "ನಾ ಇದನ್ನ ಹೊರಗ ಇಟ್ಟಿದ್ರ ನಿಮ್ಮಣ್ಣ ಉಳೀತಿದ್ನಿಲ್ಲೋ ಹೇಳು. ಹದಿನೈದ ವರ್ಷ ಆತು, ಊಟಕ ಕುಂತ್ರ ತೊಯ್ದ ಕಂಬಳಿ ವಾಸನಿ ಬರತೈತಿ."

ಆ ವಾಸನೆ ನನ್ನೊಬ್ಬಳದು ಅಂದುಕೊಂಡಿದ್ದೆ. ಆಮೇಲೆ ಲೆಕ್ಕ ತಾನಾಗಿಯೇ ತಲೆಯೊಳಗೆ ನಡೆಯಿತು. ನಾನು ಒಂದು ಉದುರಿಸಿದೆ, ಉತ್ತರ ಮಗುಚಿತು. ಅವನು ಒಂದು ಮುಚ್ಚಿಟ್ಟ, ಮತ್ತೆ ಮಗುಚಿತು. ನನ್ನ ಕೈಯೂ ಅವನ ಕೈಯೂ ಇಲ್ಲದಿದ್ದರೆ ಕಾಳು ಜೋಡಿಯಾಗಿಯೇ ಬರುತ್ತಿದ್ದವು. ಹಿಂಡು ನಂದೇಶ್ವರಕ್ಕೇ ಹೋಗುತ್ತಿತ್ತು. ನಾನು ಹುಡುಕುತ್ತಿದ್ದ ಇನ್ನೊಂದು ಕೈ ಈ ಮುದುಕನದು.

ಆದರೆ ನಾನು ಓದಿದವಳು. ಉಳಿದ ಇಪ್ಪತ್ತನಾಲ್ಕು ಕೈಗಳಲ್ಲಿ ಯಾವುದೂ ಕಾಳು ಉದುರಿಸಲಿಲ್ಲ ಎಂಬುದಕ್ಕೆ ಸಾಕ್ಷಿ ಎಲ್ಲಿದೆ? ಅವುಗಳಲ್ಲಿ ಒಂಬತ್ತು ಕೈ ಈಗ ಮಣ್ಣಿನಲ್ಲಿವೆ. ಅಮೋಲ್‌ನ ಕೈಯೂ ಅವುಗಳಲ್ಲಿ ಒಂದು. ಇಡೀ ಚಾದರವನ್ನು ಬೆಳಕಿಗೆ ಹಿಡಿಯಲು ಇನ್ನು ಸಾಧ್ಯವಿಲ್ಲ. ಹಣಮಂತಪ್ಪ ಕೋಲು ಹಿಡಿದು ಕಾಯುತ್ತಿದ್ದ. ಅವನಿಗೆ ಖರೆ ಬೇಕಿತ್ತು. ನನ್ನ ಹತ್ತಿರ ಪೂರ್ತಿ ಖರೆ ಇರಲಿಲ್ಲ. ಅಪ್ಪ ನನ್ನೆದುರು ರುಮಾಲು ಸುತ್ತುತ್ತಾ ಕೂತಿದ್ದು ಕಣ್ಣಿಗೆ ಬಂತು.

"ಉಳೀತಿದ್ದಿಲ್ಲ, ಅಜ್ಜಾ" ಅಂದೆ. "ನಾನೂ ಒಂದ ಕಾಳ ಉದುರ್ಸಿದ್ದೆ, ಸೈಕಲ್ ಆಸೇಕ. ನನ್ನದೊಂದು, ನಿಮ್ಮದೊಂದು. ಎರಡೂ ಕೂಡಿ ಜೋಡಿ. ಬೀರಪ್ಪ ಮೊದಲ ಹೂಂ ಅಂದಿದ್ದ. ನಾವಿಬ್ರೂ ಅವನ ಮಾತ ಬದಲ ಮಾಡಿಲ್ಲ."

ಅವನು ಬೆರಳು ಮಡಚಿ ಬಿಚ್ಚಿ ನೋಡಿದ. ನಲವತ್ತು ವರ್ಷ ಕಾಳು ಎಣಿಸಿದವನಿಗೆ ಲೆಕ್ಕ ಹಿಡಿಯಲು ತಡವಾಗಲಿಲ್ಲ. "ಬರೋಬರ್ ಐತಿ" ಅಂದ. ಕೋಲು ಕೈಯಿಂದ ಜಾರಿತು. ಮಂಜು ಕಣ್ಣುಗಳಿಂದ ನೀರು ಗಡ್ಡಕ್ಕೆ ಇಳಿಯಿತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ನಾನು ಏಳುವಾಗ ಆ ಕಾಳನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದ. ಅದು ಹಗುರವಾಗಿತ್ತು, ಹುಳ ಒಳಗೆಲ್ಲ ತಿಂದಿತ್ತೇನೋ.

ಐತವಾರ ಮುಂಜಾನೆ ಬೋರಾಮಣಿಯ ಗುಡಿಯ ಕಟ್ಟೆಯ ಮೇಲೆ ಅದೇ ಕಂಬಳಿಗಳು. ಎಲ್ಲರೂ ಚಿಟಿಕೆ ಹಾಕಿದರು. ನಾನೂ ಹಾಕಿದೆ, ಈ ಸಲ ನೋಡದೆ, ಎಣಿಸದೆ. ಅಕ್ಕಲಕೋಟೆಯ ಕಾಳು ಕರವಸ್ತ್ರದ ತುದಿಯಲ್ಲೇ ಇತ್ತು. ಅಪ್ಪನ ಪಕ್ಕ ಹೋಗಿ ನಿಂತೆ. ನಂದೇಶ್ವರದ ಮಾತು ಎತ್ತಲಿಲ್ಲ. ಅವನ ಕೈ ಹಿಡಿದುಕೊಂಡೆ.

ನಿಲೇಶ ಅಂಗಿಯ ತೋಳು ಮೇಲೆತ್ತಿ ಎರಡೆರಡು ಕಾಳು ತೆಗೆದಿಟ್ಟ. ಅವನ ಎಣಿಕೆಯಲ್ಲಿ ಮೋಸವಿಲ್ಲ. ಕೊನೆಗೆ ಮೇಲಿನ ಕಂಬಳಿಯನ್ನೇ ಸರಿಸಿಬಿಟ್ಟ. ಕರಿ ಉಣ್ಣೆಯ ಮೇಲೆ ಒಂದು ಕಾಳು ಒಂಟಿಯಾಗಿ ಬಿದ್ದಿತ್ತು. ಬೀರಪ್ಪ ಬೇಡ ಅಂದಿದ್ದ. ಅಮೋಲ್ ಜಗಲಿಗೆ ಬರುವ ಹಾಗಿಲ್ಲ. ಅವನು ಇನ್ನೂ ಅಲೆಯಬೇಕು. ಅವ್ವ ಸೆರಗಿನ ಒಳಗೆ ಬೆಳ್ಳಿಯ ಟಾಕನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅವಳು ಅಳಲಿಲ್ಲ, ಆ ಕಾಳನ್ನೇ ನೋಡುತ್ತಾ ನಿಂತಳು.

ನಾನು ಮುಂದೆ ಹೋದೆ. ಕರವಸ್ತ್ರದ ಗಂಟು ಬಿಚ್ಚಿ, ಎಲ್ಲರೂ ನೋಡುವಂತೆ, ಆ ಹಳೆಯ ಕಂದು ಕಾಳನ್ನು ಒಂಟಿ ಕಾಳಿನ ಪಕ್ಕದಲ್ಲಿಟ್ಟೆ.

"ಇದು ಹದಿನೈದ ವರ್ಷದ ಹಿಂದ ಈ ಕಂಬಳಿವಳಗಿಂದ ಹ್ವಾದ ಕಾಳು" ಅಂದೆ. "ಇವತ್ತ ತಿರುಗಿ ಬಂದೈತಿ."

ನಿಲೇಶ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಅವನೂ ಹಣಮಂತಪ್ಪನ ವಂಶದವನೇ. ನಿಧಾನವಾಗಿ ಎರಡೂ ಕಾಳು ಎತ್ತಿ ಉಳಿದ ಜೋಡಿಗಳ ಕೊನೆಯಲ್ಲಿ ಸೇರಿಸಿದ.

"ಜೋಡಿ ಆತು" ಅಂದ ಅಪ್ಪ.

ಅಮೋಲ್‌ನನ್ನು ಆ ದಿನವೇ ಜಗಲಿಯ ಮೇಲೆ ಕೂರಿಸಿದೆವು. ಭಂಡಾರದ ಅರಿಶಿನ ಹಚ್ಚಿ, ಹೋಳಿಗೆ ಎಡೆ ಮಾಡಿ. ಅವ್ವ ಬೆಳ್ಳಿಯ ಮುಖವನ್ನು ಬೆರಳಿನಿಂದ ಸವರಿ, ಮೂಗು ಅಂವನ ಮೂಗಿನಂಗ ಇಲ್ಲ ಎಂದು ಅಕ್ಕಸಾಲಿಗನನ್ನು ಬೈದಳು.

ಸಂಜೆಯ ಬಸ್ಸಿನಲ್ಲಿ ಸೋಲಾಪುರಕ್ಕೆ ಹೊರಟೆ. ಕಿಟಕಿಯ ಪಕ್ಕ ಕೂತು ರೂಢಿಯಂತೆ ಜನರನ್ನು ಎಣಿಸಿದೆ. ಮೂವತ್ತೆರಡು. ಇಬ್ಬಿಬ್ಬರಾಗಿ ಎಣಿಸಿದೆ. ಮತ್ತೊಮ್ಮೆ, ಹಿಂದಿನ ಸೀಟಿನಿಂದ. ಡ್ರೈವರನನ್ನೂ ಕಂಡಕ್ಟರನನ್ನೂ ಸೇರಿಸಿ ಎಣಿಸಿದೆ. ಉಸಿರು ಎಳೆದು ನೋಡಿದೆ. ಡೀಸೆಲ್ ಮತ್ತು ಯಾರದೋ ಚೀಲದ ಈರುಳ್ಳಿಯ ವಾಸನೆ, ಅಷ್ಟೇ. ಪಕ್ಕದ ಸೀಟು ಖಾಲಿಯಿತ್ತು. ಹದಿಮೂರು ವರ್ಷ ನಾನು ಎಲ್ಲಿ ಹೋದರೂ ನನ್ನ ಜೊತೆ ಬಂದವನು ಅಮೋಲ್. ನಾನೇ ಅವನನ್ನು ಮನೆಗೆ ಬಿಟ್ಟು ಬಂದಿದ್ದೆ. ಬೋರಾಮಣಿಯ ಹುಲ್ಲುಗಾವಲು ದಾಟುವವರೆಗೂ ಎಣಿಸುತ್ತಲೇ ಇದ್ದೆ. ಯಾರೂ ಉಳಿಯಲಿಲ್ಲ.